ಮೂವತ್ತೈದು ಪಾಲು ಬೆಳಕು

ಕೋಡಿಬಾಗದ ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ
ಹಿಂದೊಮ್ಮೆ ಐಸ್‌ಕ್ರೀಂ ಮಾರುತ್ತಿದ್ದ ವ್ಯಾನಿನೊಳಗೆ
ಕೂತಿದ್ದೇನೆ ನಾನು, ಹೊಗೆ ಅಳೆಯುವವಳು.
ಆಚೆ ಒಂದು ದೀಪ, ಈಚೆ ಒಂದು ಕಣ್ಣು,
ನಡುವೆ ಹೊಗೆ ಹಾಯುತ್ತದೆ. ಯಂತ್ರ ಅಷ್ಟೇ.
ನೂರು ಪಾಲು ಬೆಳಕಿನಲ್ಲಿ ಅರವತ್ತೈದನ್ನು
ನುಂಗಿದರೂ ನಡೆದೀತು ಹಳೆಯ ಡೀಸೆಲ್ ಗಾಡಿ;
ಮೂವತ್ತೈದು ಈಚೆ ದಾಟಿ ಬಂದರೆ
ಪಾಸು.

ಮಧ್ಯಾಹ್ನ ಎರಡೂವರೆಗೆ ಬಂತೊಂದು ಬಿಳಿ ಕಾರು.
ಬಿಳಿ ಎಂದು ಆರ್‌ಸಿಯಲ್ಲಿತ್ತು.
ಕೆಎ ಮೂವತ್ತು, ಎರಡು ಸಾವಿರದ ಐದನೇ ಇಸವಿ.
ಬಗ್ಗಿ ನೋಡಿದೆ: ಸೈಲೆನ್ಸರಿನ ಹೊಟ್ಟೆಗೆ
ಎಣ್ಣೆಡಬ್ಬಿಯ ತಗಡು ಸುತ್ತಿ ತಂತಿ ಬಿಗಿದಿದ್ದಾರೆ,
ತಗಡಿನ ಮೇಲೆ ಇನ್ನೂ ಅರ್ಧ ತೆಂಗಿನಮರ.
ಕಡಲಗಾಳಿಗೆ ಕಬ್ಬಿಣವೂ ತಿನ್ನುವ ವಸ್ತುವೇ.
ಉಗುರು ತಾಗಿಸಿದರೆ ಉದುರುತ್ತದೆ ಚಕ್ಕೆ ಚಕ್ಕೆ
ಮೀನಿನ ಹುರುಪೆಯ ಹಾಗೆ.

ಗಾಜು ಇಳಿಯಿತು. ಪೆಡ್ನೇಕರ ಮಾಸ್ತರು.
ಒಂಬತ್ತನೇ ಇಯತ್ತೆ, ಗಣಿತ,
ನೂರಕ್ಕೆ ಮೂವತ್ತಮೂರು.
ಬುಟ್ಟಿಯನ್ನು ಗೇಟಿನ ಹೊರಗಿಟ್ಟು, ಎರಡು ಸಲ ಕೈ ತೊಳೆದು
ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು ಆಯಿ.
"ಲೆಕ್ಕಕ್ಕೆ ದಾಕ್ಷಿಣ್ಯ ಗೊತ್ತಿಲ್ಲ ಬಾಯಿ" ಅಂದಿದ್ದರು.

ಗುರುತು ಸಿಗಲಿಲ್ಲ ಅವರಿಗೆ. ಮಾಸ್ಕಿತ್ತು, ವರ್ಷಗಳಿದ್ದವು.

ಸಂದಿಯಿಂದ ಸೋರಿದರೆ ರೀಡಿಂಗ್ ಕಮ್ಮಿ ಬರುತ್ತದೆ;
ತಗಡಿನ ಮೇಲೆ ಒದ್ದೆ ಗೋಣಿ ಸುತ್ತಿ ಬಿಗಿದೆ.
ತುಳಿಯಿರಿ, ಪೂರ್ತಿ. ಬಿಡಿ. ಮತ್ತೆ.
ಚಪ್ಪಲಿ ಕಳಚಿಟ್ಟು ತುಳಿದರು, ಪೂಜೆಗೆ ಕೂತವರಂತೆ.
ಬಂಕಿನ ಹುಡುಗ ಮೂಗು ಮುಚ್ಚಿದ.
ಪರದೆಯ ಮೇಲೆ ಅರವತ್ತೇಳು.
ದಾಟಿದ್ದು ಮೂವತ್ತಮೂರು.

ನಕ್ಕೆನೇ? ಇಲ್ಲ. ಯಾಕೋ ಹೊಟ್ಟೆ ತೊಳಸಿತು.

"ಎರಡೇ ಅಲ್ವಾ ಮಾರಾಯ್ತಿ, ಸ್ವಲ್ಪ ಅಡ್ಜಸ್ಟ್ ಮಾಡು.
ನಾಳೆ ಕಾಣಕೋಣದಲ್ಲಿ ತಂಗಿಯ ಮಗನ ಮದುವೆ,
ಗಡಿ ಗೇಟಿನಲ್ಲಿ ಕಾಗದ ಕೇಳ್ತಾರೆ."

ಮಾಡಬಹುದು. ಮಾಡುವವರಿದ್ದಾರೆ.
ಪಕ್ಕದ ಹೊಸ ಕಾರಿನ ಬಾಲಕ್ಕೆ ಕೊಳವೆ ಸಿಕ್ಕಿಸಿ
ಇದರ ನಂಬರಿನ ಫೋಟೊ ತೆಗೆದರೆ ಮುಗಿಯಿತು.
ಅವರದೇ ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂತು,
ಅದರ ಬೆನ್ನಿಗೇ ದಾಕ್ಷಿಣ್ಯವೂ.
ಎರಡನ್ನೂ ನುಂಗಿ ಹೇಳಿದೆ:
"ಇದು ಊರೊಳಗೇ ಓಡಿದ ಗಾಡಿ.
ಮಾರ್ಕೆಟ್ಟು, ಬ್ಯಾಂಕು, ಎರಡನೇ ಗೇರು. ಮಸಿ ಗಂಟಲಲ್ಲೇ ಕೂತಿದೆ.
ಇಜಿಆರ್ ವಾಲ್ವ್ ಬಿಚ್ಚಿ ತೊಳೆಸಬೇಕು, ಅದು ಆಮೇಲೆ.
ಈಗ ಸದಾಶಿವಗಡ ದಾಟಿ ಮಾಜಾಳಿ ತನಕ
ಮೂರನೇ ಗೇರಿನಲ್ಲಿ ಕೂಗಿಸಿಕೊಂಡು ಹೋಗಿ ಬನ್ನಿ.
ಇಂಜಿನ್ ಕಾಯಲಿ. ತಣ್ಣಗಿದ್ದಾಗ ಅಳೆದದ್ದು ನನ್ನ ತಪ್ಪು."

"ಸಪ್ಲಿಮೆಂಟರಿಯಾ?" ಅಂದು ನಕ್ಕರು.

ಹಳೆಯ ಸೇತುವೆ ಬಿದ್ದ ಮೇಲೆ ಉಳಿದದ್ದು ಒಂದೇ,
ಹೋಗುವವರೂ ಬರುವವರೂ ಅದರ ಮೇಲೇ.
ಕಾಳಿಯ ಮೇಲೆ ಅವರ ಹೊಗೆ ಸ್ವಲ್ಪ ದೂರ ಕಂಡಿತು,
ಆಮೇಲೆ ಗಾಳಿ ಅದನ್ನು ಯಾರ ಖಾತೆಗೋ ಬರೆದುಕೊಂಡಿತು.
ಎರಡು ಬೈಕು, ಒಂದು ಟೆಂಪೊ ಅಳೆದೆ.
ದಾರಿ ನೋಡಲಿಲ್ಲ ಅಂದರೆ ಸುಳ್ಳು.

ಬಂದರು. ಬಾನೆಟ್ಟಿನ ಮೇಲೆ ಗಾಳಿ ನಡುಗುತ್ತಿತ್ತು.
ತುಳಿಯಿರಿ. ಬಿಡಿ. ಮತ್ತೆ.
ಅರವತ್ತನಾಲ್ಕು.

ರಿಜಿಸ್ಟರಿನಲ್ಲಿ ಗಾಡಿಯ ನಂಬರು ಬರೆದು ಸಹಿಗೆ ತಿರುಗಿಸಿದೆ.
ಕನ್ನಡಕ ಹಣೆಗೇರಿಸಿ, ಒಂದು ಅಂಕಿಯ ಮೇಲೆ ಬೆರಳಿಟ್ಟು ನಿಂತರು:
"ಇದು ಏಳಾ, ನಾಲ್ಕಾ?"

ಏಳರ ಕುತ್ತಿಗೆಗೆ ಅಡ್ಡಗೀಟು ಎಳೆಯುವವಳು ನಾನು, ಚಿಕ್ಕಂದಿನಿಂದ.
"ಏಳು" ಅಂದೆ. "ಆವಾಗಲೂ ಏಳೇ, ಸರ್."

ತಲೆ ಎತ್ತಿದರು.
ಹಿಂದೆ ಮೀನಿನ ಲಾರಿ ಹಾರ್ನ್ ಹೊಡೆಯುತ್ತಿತ್ತು, ಒಂದೇ ಸಮನೆ.
ಸಹಿ ಹಾಕುವಾಗ ಅವರ ಕೈ ನಿಧಾನವಾಯಿತು,
ಅಥವಾ ನನಗೆ ಹಾಗನಿಸಿತು.
ಚಿಲ್ಲರೆ ಹತ್ತು ರೂಪಾಯಿ ತೆಗೆದುಕೊಳ್ಳದೆ ಹೋದರು.
ನಾಣ್ಯ ಇನ್ನೂ ಪ್ರಿಂಟರಿನ ಮೇಲಿದೆ.
ಒರೆಸಿದೆ ಯಂತ್ರದ ಕಣ್ಣನ್ನು, ಬಿಳಿ ಬಟ್ಟೆಯಿಂದ.
ಲಾರಿ ಮುಂದೆ ಬಂತು.