ಕುದುರೆಗೆ ನೀರು

ಆರುನೂರ ಹನ್ನೆರಡು ಪುಟ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ:
ಒಂದು ರೈ ರೊಟ್ಟಿಗಿಂತ ತುಸು ಹೆಚ್ಚು.
ಬರೆದವಳು ಮಿರ್ಟೆಲ್ ಓಯಾ, ವಯಸ್ಸು ಹದಿನೈದು;
ಹಿಂಬದಿಯ ರಕ್ಷಾಪುಟದಲ್ಲಿ, ಹಲ್ಲಿಗೆ ತಂತಿ,
ನಗಲೋ ಬೇಡವೋ ಎಂದು
ಅರ್ಧಕ್ಕೇ ನಿಂತಿದ್ದಾಳೆ.

ಗುರುವಾರದೊಳಗೆ ಬೇಕು, ಅಂದ ಸಂಪಾದಕ ಆಂಟ್ಸ್,
'ಹೊಗಳಿಬಿಡು ಹೆಲ್ವೆ, ನಮ್ಮ ವಿಲ್ಯಾಂಡಿಯ ಹುಡುಗಿ.'
ಅದೇ ಸಂಜೆ ಪುಸ್ತಕದಂಗಡಿಯ ವೈನೋ:
'ಒಮ್ಮೆ ಚೆನ್ನಾಗಿ ಜಾಡಿಸು. ಮೀಸೆ ಮೊಳೆಯದವರೆಲ್ಲ
ಮಹಾಕಾವ್ಯ ಹೊಸೆದರೆ ದೊಡ್ಡವರೆಲ್ಲಿ ಹೋಗಬೇಕು?'
ಹುಡುಗಿಗೆಲ್ಲಿಯ ಮೀಸೆ,
ಎಂದು ನಾನು ಕೇಳಲಿಲ್ಲ.

ಕೆಂಪು ಪೆನ್ಸಿಲ್ಲು ಹೆರೆದು ಕೂತೆ.
ಹೊರಗೆ ಸರೋವರ ಹೆಪ್ಪುಗಟ್ಟುತ್ತ
ಆಗೀಗ ನೆಟಿಕೆ ಮುರಿಯುತ್ತಿತ್ತು.

ತಪ್ಪುಗಳೇನು ಕಮ್ಮಿಯೆ?
ನಕ್ಷೆಯಲ್ಲೊಂದು ನದಿ ಬೆಟ್ಟ ಹತ್ತುತ್ತದೆ.
ಚಂದ್ರರು ನಾಲ್ವರು, ಒಬ್ಬನಿಗೂ ಅಮಾವಾಸ್ಯೆಯಿಲ್ಲ.
'ಪಚ್ಚೆಯಂಥ ಕಣ್ಣು' ನಲವತ್ತೊಂದು ಸಲ,
ಒಮ್ಮೆ ಕುರುಡನಿಗೂ.
ಸತ್ತ ರಾಣಿ ಇನ್ನೂರು ಪುಟ ದಾಟಿ ಊಟಕ್ಕೆ ಬರುತ್ತಾಳೆ,
ಯಾರೂ ಬೆಚ್ಚುವುದಿಲ್ಲ, ಸೂಪು ಬಡಿಸುತ್ತಾರೆ.
ಮತ್ತೆ ಆ ಕುದುರೆ!
ಒಂಬತ್ತು ಹಗಲು ಒಂಬತ್ತು ಇರುಳು ಓಡುತ್ತದೆ,
ನೀರಿಲ್ಲ, ಹುಲ್ಲಿಲ್ಲ,
ಲದ್ದಿಯೂ ಇಲ್ಲ.

ಬಂದ ನಗುವನ್ನೆಲ್ಲ ಅಂಚಿನಲ್ಲಿ ಬರೆದಿಟ್ಟೆ.
ವ್ಯಂಗ್ಯಕ್ಕೆ ಕೈ ಎಷ್ಟು ಹಗುರ,
ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ.

ಆಮೇಲೆ, ಪುಟ ಮುನ್ನೂರ ನಲವತ್ತು.
ಡ್ರ್ಯಾಗನ್ನಿಗೆ ವಯಸ್ಸಾಗಿದೆ. ಬೆಂಕಿ ಬಾರದು, ಕೆಮ್ಮು ಮಾತ್ರ.
ಮರಿಗಳಿಗೆ ಕೇಳಿಸದಿರಲೆಂದು
ರೆಕ್ಕೆಯೊಳಗೆ ಮೂತಿ ಹುದುಗಿಸಿ
ರಾತ್ರಿಯೆಲ್ಲ ಕೆಮ್ಮುತ್ತದೆ.
ಬೆಳಗಾದರೆ ಶಿಳ್ಳೆ ಹಾಕಿಕೊಂಡು
ಗುಹೆಯ ಬಾಗಿಲಿನ ಹಿಮ ಬಾಚುತ್ತದೆ.

ಪೆನ್ಸಿಲ್ಲು ನಿಂತಿತು.
ಇದನ್ನು ಯಾವ ನಕ್ಷೆ ನೋಡಿ ಬರೆದೆ, ಮಗಳೇ?
ಯಾವ ಕೋಣೆಯ ಗೋಡೆಗೆ ಕಿವಿಯಿಟ್ಟು?

ನನಗೂ ಇತ್ತೊಂದು ನೋಟುಬುಕ್ಕು, ಚೌಕಳಿ ಹಾಳೆಯದು.
ಹದಿನಾಲ್ಕರಲ್ಲಿ ನೀರೊಳಗೊಂದು ಪಟ್ಟಣ ಕಟ್ಟಿದ್ದೆ,
ಬೀದಿದೀಪ ಸಮೇತ.
ಟೀಚರ್ ಹಿಲ್ಯಾ ಅದನ್ನು ತರಗತಿಯೆದುರು ಎತ್ತಿ ಹಿಡಿದು
'ವಯಸ್ಸಿಗೆ ಮೀರಿದ್ದು' ಅಂದರು. ಚಪ್ಪಾಳೆ.
ಅಲ್ಲಿನ ಜನ ಉಸಿರಾಡುವುದು ಹೇಗೆ
ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.
ಹದಿನೆಂಟು ತುಂಬುವಾಗ
ಮೀರುವುದಕ್ಕೆ ವಯಸ್ಸೇ ಉಳಿದಿರಲಿಲ್ಲ.
ಪಟ್ಟಣ ಮುಳುಗಿತು,
ಮೊದಲೇ ನೀರಿನಲ್ಲಿದ್ದದ್ದು.

ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ ಅನ್ನುತ್ತಾರೆ.
ಯಾವುದು ಮೆತ್ತಿದರೇನು,
ಕಣ್ಣು ಮುಚ್ಚಿತಲ್ಲ.

ಬುಧವಾರ ರಾತ್ರಿ ಬರೆಯತೊಡಗಿದೆ.
'ಹದಿನೈದರ ಪೋರಿ' ಎಂಬುದನ್ನು ಹೊಡೆದುಹಾಕಿದೆ ಮೊದಲು;
ಆಮೇಲೆ 'ಪಾಪ'.
ಕೆಮ್ಮುವ ಡ್ರ್ಯಾಗನ್ನಿಗೆ ಪೂರ್ತಿ ಎರಡು ಪ್ಯಾರಾ ಕೊಟ್ಟೆ.
ವ್ಯಂಗ್ಯ ಕಿತ್ತೆ, ಎಲ್ಲವನ್ನೂ ಅಲ್ಲ;
ಕುರುಡನ ಪಚ್ಚೆಗಣ್ಣು ಬಿಡಲು ಮನಸ್ಸಾಗಲಿಲ್ಲ,
ನಾನೂ ಅಷ್ಟೇನು ಒಳ್ಳೆಯವಳಲ್ಲ.
ಕೊನೆಯ ಸಾಲು: ಕುದುರೆಗೆ ನೀರು ಕುಡಿಸಿ.

'ಇದು ಹೊಗಳಿಕೆಯೋ ತೆಗಳಿಕೆಯೋ?' ಆಂಟ್ಸ್ ಫೋನಿನಲ್ಲಿ,
'ತಲೆಬರಹ ಕೊಡಬೇಕು.'
ಅಚ್ಚು ಹಾಕು, ಅಂದೆ.

ಶನಿವಾರ ಗ್ರಂಥಾಲಯದ ಮೆಟ್ಟಿಲಲ್ಲಿ ಅಡ್ಡ ನಿಂತಳು.
ಬೂಟಿನ ತುಂಬ ಹಿಮ. ಕಣ್ಣು ಕೆಂಪು,
ಅತ್ತಿದ್ದಕ್ಕೋ, ಚಳಿಗೋ.
ನಮಸ್ಕಾರವಿಲ್ಲ, ಏನಿಲ್ಲ:
'ದಿನಕ್ಕೆ ಎಷ್ಟು ಲೀಟರು?'
'ಏನು?'
'ಕುದುರೆ. ಓಡುವ ಕುದುರೆ.'

ನನಗೆ ಗೊತ್ತಿರಲಿಲ್ಲ.
ಮೂವತ್ತು ವರ್ಷ ಊರವರ ಪುಸ್ತಕಗಳನ್ನು ಜಾಲಾಡಿದ್ದೇನೆ,
ಒಂದು ಕುದುರೆಗೂ ಬಕೆಟ್ಟು ಹಿಡಿದವಳಲ್ಲ.

ಲಾಯದ ಕಡೆಗೆ ಹೋಗುವ ಬಸ್ಸು ಹಿಡಿದೆವು.
ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.
ಮೂರನೆಯ ನಿಲ್ದಾಣದಲ್ಲಿ, ಕಿಟಕಿಯತ್ತ ಮುಖ ಮಾಡಿ,
'ರಾಣಿಯನ್ನು ಸರಿ ಮಾಡ್ತೀನಿ' ಅಂದಳು,
'ಚಂದ್ರನೂ ಒಬ್ಬ ಕಮ್ಮಿಯಾಗಬಹುದು.
ನದಿ ಮಾತ್ರ ಹತ್ತುತ್ತದೆ.'