ನೀರಿನ ಅಧ್ಯಾಯ

ನೂವಾಕ್ಷೋತ್ ಬಿಟ್ಟು ಎರಡು ದಿನ, ಲಾರಿಯ ಬೆನ್ನಿನ ಮೇಲೆ
ಅಕ್ಕಿಮೂಟೆ, ಎರಡು ಆಡು, ನಾನು.
ಚೀಲದಲ್ಲಿ ವಿಶ್ವವಿದ್ಯಾಲಯ ಮೊಹರು ಒತ್ತಿದ ನಲವತ್ತೊಂದು ಪ್ರಶ್ನೆ.
ಮೊದಲನೆಯದು: ಇಸ್ಲಾಂ ಎಂದರೇನು?

ಗರ್ಮಿ ಮಿಂತ್ ಸಿದಾತಿ ಮೂರು ಸುತ್ತು ಚಹಾ ಮುಗಿಯುವ ತನಕ
ಪ್ರಶ್ನೆಗೆ ಕೈ ಹಚ್ಚಲಿಲ್ಲ.
ಆಮೇಲೆ ಡೇರೆಯ ಹಗ್ಗ ಬಿಗಿ ಮಾಡುತ್ತ ಅಂದಳು:
"ನೀರಿನಿಂದ ಶುರು ಮಾಡೋಣ."

ನೀರಿನಿಂದ!
ಬಾವಿಗೆ ಮೂವತ್ತೆಂಟು ಮಾರು ಹಗ್ಗ ಬೇಕಾದ,
ಕತ್ತೆ ಮನಸ್ಸು ಮಾಡಿದರಷ್ಟೇ ಕೊಡ ಮೇಲೆ ಬರುವ ಊರಲ್ಲಿ
ಮೊದಲ ಪಾಠ, ನೀರು ಎಷ್ಟು ಬಗೆ.
ಮಳೆಯದು, ಬಾವಿಯದು, ಇಬ್ಬನಿಯದು,
ಎಲೆ ಬಿದ್ದು ಬಣ್ಣಗೆಟ್ಟದ್ದು,
ತೊಗಲ ಚೀಲದಲ್ಲಿ ನಿಂತು ತೊಗಲಿನ ವಾಸನೆ ಹಿಡಿದದ್ದು.
ಯಾವುದರಲ್ಲಿ ಮುಖ ತೊಳೆದು ದೇವರೆದುರು ನಿಲ್ಲಬಹುದು,
ಯಾವುದನ್ನು ಆಡಿಗೆ ಕುಡಿಸಿ ಸುಮ್ಮನಾಗಬೇಕು.

ಬೂನ, ಒಂಬತ್ತು ವರ್ಷದವನು, ಮರದ ಹಲಗೆ ಮಡಿಲಲ್ಲಿಟ್ಟು
ಗಡಗಡ ಒಪ್ಪಿಸಿದ.
ನಾನು ಬರೆದುಕೊಂಡೆ.
"ಬಾಯಿಗೆ ಬರಲಿ," ಅಂದಳು, "ಪೆನ್ನಿಗೆ ಬಂದು ಏನು?"

ನಾಯಿ ಮೂತಿ ಇಟ್ಟ ಬೋಗುಣಿ ಏಳು ಸಲ.
ಏಕೆ ಏಳು? ನನ್ನ ಇಪ್ಪತ್ತಮೂರನೇ ಪ್ರಶ್ನೆಯ ಉಪಪ್ರಶ್ನೆ.
"ಒಬ್ಬರು ಹೀಗನ್ನುತ್ತಾರೆ, ಇನ್ನೊಬ್ಬರು ಹಾಗನ್ನುತ್ತಾರೆ,
ನಾವು ತೊಳೆಯುತ್ತೇವೆ.
ಹೆಚ್ಚು ಬಲ್ಲವನು ದೇವರು."
ಪ್ರತಿ ಜಗಳದ ಕೊನೆಗೂ ಇದೇ ಮಾತು,
ಕೌದಿಯ ಅಂಚಿಗೆ ಹಾಕುವ ಹೊಲಿಗೆಯ ಹಾಗೆ.
ಸಂಜೆ ಬೂನ ಹಲಗೆ ತೊಳೆದು ಮಸಿನೀರನ್ನು
ಯಾರೂ ತುಳಿಯದ ಕಡೆ, ಮುಳ್ಳುಗಿಡದ ಬುಡಕ್ಕೆ ಸುರಿದ.
ಅದಕ್ಕೂ ಒಂದು ನಿಯಮವಿದ್ದಿರಬೇಕು. ಕೇಳಲಿಲ್ಲ.

ಹತ್ತನೆಯ ದಿನ ಬಾವಿಯ ಹಗ್ಗ ಹರಿಯಿತು.
ಕೊಡ ಕೆಳಗೆ, ನಾವು ಮೇಲೆ,
ಕುಡಿಯಲು ಮಾತ್ರ ಉಳಿದ ಅರ್ಧ ಚೀಲ.
"ಒಳ್ಳೆಯದಾಯಿತು," ಅಂದಳು ಗರ್ಮಿ, "ಮುಂದಿನ ಪಾಠ ಇವತ್ತೇ."
ಎರಡೂ ಅಂಗೈ ಮರಳಿಗೆ ಮೆಲ್ಲಗೆ ತಟ್ಟಿ
ಕೊಡವಿ, ಮುಖ ಸವರಿದಳು.
ಮತ್ತೆ ತಟ್ಟಿ, ಕೈಗೆ ಕೈ.
ನೀರಿಲ್ಲದವರಿಗೆ, ನೀರು ಮುಟ್ಟಬಾರದ ರೋಗಿಗೆ
ನೆಲವೇ ನೀರು.

ಆಗ ನನಗೆ ಸೇಂತ್ ಎತಿಯೆನ್ನಿನ ಆಸ್ಪತ್ರೆ ನೆನಪಾಯಿತು.
ನಾಲ್ಕನೇ ಮಹಡಿ. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡ ಅಜ್ಜ ಅಕ್ಲಿ,
ದಿಂಬಿನ ಪಕ್ಕ ಒಂದು ನುಣುಪು ಕಲ್ಲು.
ಅಂಗೈಯಷ್ಟಗಲ, ಕುಂಟೆಬಿಲ್ಲೆಗೆ ಹೇಳಿ ಮಾಡಿಸಿದ್ದು.
ಆರು ವರ್ಷದ ನಾನು ಎತ್ತಿಕೊಂಡು ಹೋಗಿ
ಅಂಗಳದಲ್ಲಿ ಮನೆ ಗೀಚಿ ಆಡಿದೆ,
ಎಂಟನೇ ಮನೆಯಾಚೆ ಹುಲ್ಲಿನಲ್ಲಿ ಕಳೆದೆ.
ಅಜ್ಜ ಬಯ್ಯಲಿಲ್ಲ.
ಮಂಚದ ಕಬ್ಬಿಣ ಮುಟ್ಟಿ ನೋಡಿದ, ಗೋಡೆ ಮುಟ್ಟಿ ನೋಡಿದ.
ಸುಮ್ಮನೆ ಕೈ ಹಿಂದಕ್ಕೆಳೆದುಕೊಂಡ.
ಇಪ್ಪತ್ತೆರಡು ವರ್ಷ ನಾನದನ್ನು ಜ್ವರದ ಕನವರಿಕೆ ಅಂದುಕೊಂಡಿದ್ದೆ.

ಹೇಳಿಬಿಟ್ಟೆ. ಗರ್ಮಿ ಮಾತಾಡಲಿಲ್ಲ.
ಬೂನನಿಗೆ ಮಾತ್ರ ಪಾಠದ್ದೇ ಚಿಂತೆ:
"ಕಲ್ಲಿನ ಮೇಲೆ ದೂಳಿತ್ತೇ? ದೂಳು ಬೇಕೆನ್ನುವವರೂ ಇದ್ದಾರೆ."
ಕಲ್ಲಿನ ಮೇಲಿರಲಿಲ್ಲ, ಅಂದೆ.
ಅವನ ಬೆರಳ ಗೆರೆಗಳಲ್ಲಿತ್ತು, ಇದ್ದಲ ಗಣಿಯದು,
ಮೂವತ್ತು ವರ್ಷ ಸೋಪಿಗೂ ಜಗ್ಗದ್ದು.

ಹುಡುಗ ಗುರುವಿನ ಮುಖ ನೋಡಿದ.
ಗರ್ಮಿ ಬಹಳ ಹೊತ್ತು ಯೋಚಿಸಿದಳು,
ಇದ್ದಲ ದೂಳಿನ ಬಗ್ಗೆ ಯಾರು ಏನಂದಿದ್ದಾರೆಂದು
ಒಳಗೊಳಗೇ ಹಾಳೆ ತಿರುವುವವಳ ಹಾಗೆ.
"ಭಿನ್ನಮತವಿದೆ," ಅಂದಳು ಕಡೆಗೆ.
ಅಂಚಿನ ಹೊಲಿಗೆ ಹಾಕಲಿಲ್ಲ ಆವತ್ತು.
ಕಣ್ಣಿನ ಮರಳು ಒರೆಸಿಕೊಂಡು ನನ್ನ ಕಡೆ ತಿರುಗಿದಳು:
"ನೀರು ಎಷ್ಟು ಬಗೆ? ಮೊದಲಿಂದ ಒಪ್ಪಿಸು."

ಮಳೆಯದು, ಬಾವಿಯದು, ಅಂದೆ.
ಇಬ್ಬನಿಯಲ್ಲಿ ತಡವರಿಸಿದೆ.