ಇಲ್ಲದ ಲೇಸು

ಗೌತಮಪುರದ ಮೈದಾನ. ಅರವತ್ತೊಂದನೇ ಇಸವಿ ಅಂತ ಅಪ್ಪ,
ಅರವತ್ತೆರಡು ಅಂತ ಏಳುಮಲೈ.
ಇಬ್ಬರೂ ಒಪ್ಪುತ್ತಿದ್ದದ್ದು ಇಷ್ಟನ್ನೇ:
ಮಳೆ ನಿಂತು ಅರ್ಧ ಗಂಟೆ, ಎರಡೂ ಕಡೆ ಒಂದೊಂದು ಗೋಲು,
ಮಬ್ಬು ಬೆಳಕು, ಫ್ರೀ ಕಿಕ್.

ಗೋಲಿನಲ್ಲಿ ಅಪ್ಪ, ದರ್ಜಿ ಯಲ್ಲೋಜಿ,
ಅಂಗುಸ್ತಾನ ಹಾಕಿ ಹಾಕಿ ದಡ್ಡುಗಟ್ಟಿದ ಬೆರಳು.
ಮುಂದೆ ನಾಲ್ಕು ಜನರ ಗೋಡೆ.
ಸೀಟಿ ಆಯಿತು.
ಏಳುಮಲೈ ಓಡಿ ಬಂದವನು ಚೆಂಡಿನ ಪಕ್ಕ ತಡೆದು ನಿಂತ,
ಏನೋ ನೆನಪಾದಂತೆ ಕೈಯೆತ್ತಿ
"ಒಂದ್ನಿಮಿಷ ಇರಣ್ಣಾ" ಅಂದ.
ಮೊಣಕಾಲೂರಿದ.
ಗಂಟು ಬಿಚ್ಚಿದ, ಎಳೆದ,
ಒಂದು ಕಿವಿ ಮಾಡಿದ, ಇನ್ನೊಂದನ್ನು ಸುತ್ತಿ ತೂರಿಸಿದ,
ತುದಿ ಸರಿಹೋಗದೆ ಬೆರಳಿಗೆ ಉಗುಳು ಹಚ್ಚಿ ಹೊಸೆದ.
ಗೋಡೆಯಲ್ಲೊಬ್ಬ ಆಕಳಿಸಿದ.
ಇನ್ನೊಬ್ಬ ಚಡ್ಡಿಯ ಲಾಡಿ ಬಿಗಿದುಕೊಂಡ.
ಅಪ್ಪ ಕಂಬಕ್ಕೆ ಒರಗಿದ.

ಬಗ್ಗಿದ ಆ ಬೆನ್ನಿನ ಹಿಂದಿನಿಂದ
ಲ್ಯಾನ್ಸಿ ಎಂಬ ಹುಡುಗ ನುಗ್ಗಿ ಹೊಡೆದ.
ಬಲೆ ಇರಲಿಲ್ಲ;
ಚೆಂಡು ಹೋಗಿ ಕಡಲೆಕಾಯಿಯವಳ ಬುಟ್ಟಿಯಲ್ಲಿ ಬಿತ್ತು.

ಆಮೇಲೆ ಯಾರೋ ಕೂಗಿದರು:
ಅಯ್ಯೋ, ಅವನು ಬರಿಗಾಲಲ್ಲಿದ್ದಾನೆ!

ಅಂದಿನಿಂದ ನಮ್ಮ ಕಡೆಯ ಮಾತೇ ಬೇರೆ.
ಬಾಡಿಗೆ ಮುಂದೂಡುವವನಿಗೆ: ಏನಯ್ಯಾ, ಲೇಸು ಕಟ್ತೀಯಾ?
ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಸುದ್ದಿಯಿಲ್ಲದವರು: ಲೇಸಿನ ಗಿರಾಕಿಗಳು.
ಓಟಿನ ವಾರ ಚರಂಡಿಗೆ ಬಗ್ಗಿ ನೋಡಿದ ಕಾರ್ಪೊರೇಟರಿಗೆ
ಮಹಡಿಯಿಂದ ಒಬ್ಬ ಮುದುಕಿ: ಬರಿಗಾಲು! ಬರಿಗಾಲು!
ಕನ್ನಡದ ಮೇಷ್ಟರು ಬೋರ್ಡಿನ ಮೇಲೆ
ಲೇಸು ಎಂದರೆ ಒಳ್ಳೆಯದು ಎಂದು ಬರೆದಾಗ
ಹಿಂದಿನ ಬೆಂಚು ಪೂರ್ತಿ ನಕ್ಕಿತು.
ನಾನೂ ನಕ್ಕೆ, ಯಲ್ಲೋಜಿಯ ಮಗಳು.

ಅಳತೆ ಕೊಡಲು ಬಂದವರೂ ಕೈ ಚಾಚಿ ನಿಂತು ಕೇಳುತ್ತಿದ್ದರು:
ಅದು ಹೇಗೆ ಮೋಸ ಹೋದ್ರಿ?
ಅಪ್ಪ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಟೇಪು ಹಿಡಿಯುತ್ತಿದ್ದ.
ಒಂದೇ ಒಂದು ಸಲ, ಕರೆಂಟು ಹೋದ ಸಂಜೆ,
ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು ಅಂದ:
"ನಾನು ಕಂಡೆ ಮಗಾ. ಬಿಳೀ ಲೇಸು. ತುದಿ ಹಿಂಜಿತ್ತು.
ಹಿಂಜಿದ ದಾರ ಪೋಣಿಸೋ ಕಷ್ಟ ನಂಗೊತ್ತಲ್ಲ,
ಅದಕ್ಕೇ ಕಾದೆ."

ಬೌರಿಂಗ್ ಆಸ್ಪತ್ರೆಯ ಕೊನೆಯ ವಾರ
ಏಳುಮಲೈ ಬಂದ, ಮೋಸಂಬಿ ಹಿಡಿದು.
ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದವನಿಗೆ
ಮಂಡಿ ಹಿಡಿಯಿತು, ಏಳಲಾಗಲಿಲ್ಲ.
ಮೂಗಿನಲ್ಲಿ ನಳಿಗೆಯಿದ್ದ ಅಪ್ಪ
ನಾಲ್ಕು ದಿನದಿಂದ ಮಾತಾಡದವನು
ತಲೆಯೆತ್ತಿ ಹೇಳಿದ:
"ಗೋಡೆ ಬಿಡಬೇಡ್ರೋ."
ನರ್ಸಮ್ಮ ಗೋಡೆಯ ಕಡೆ ನೋಡಿದಳು.

ಈಗ ಕಟ್ಟಡದ ತಾರಸಿಯ ಮೇಲೆ ಹಸಿರು ಹಾಸು,
ಗಂಟೆಗೆ ಎಂಟುನೂರು ರೂಪಾಯಿ, ನೀರು ಬೇರೆ.
ಮೊಮ್ಮಗನ ಶೂಗೆ ಲೇಸಿಲ್ಲ,
ಚರ್ ಅಂತ ಅಂಟುವ ಪಟ್ಟಿ.
ಲೇಸು ಕಟ್ಟುವುದು ಅವನಿಗೆ ಬರುವುದೇ ಇಲ್ಲ.
ಆದರೂ ಕೈಯೆತ್ತಿ, ಮೊಣಕಾಲೂರಿ,
ಒಂದು ಕಿವಿ ಮಾಡಿದ,
ಬೆರಳಿಗೆ ಉಗುಳು ಹಚ್ಚಿದ.
ಯಾರ ಕೈಯಿಂದ ಯಾರ ಕೈಗೆ ಬಂತೋ.

ಗೋಲಿನಲ್ಲಿದ್ದ ಪುಟ್ಟ ಹುಡುಗಿ ಕಂಬಕ್ಕೆ ಒರಗಿದಳು.
ಕೂಗಿ ಹೇಳೋಣವೆಂದು ಎದ್ದೆ.
ಬಾಯಿ ತುಂಬ ಗುಂಡುಸೂಜಿ.